ಬಾಗಿಲ ಹತ್ತಿರದ ಕುರ್ಚಿ ಯಾರಿಗೆ?

ಹೋದ ತಿಂಗಳ ಅಂಕಣದಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ನಾನು ಮಾಡುವುದು ಫೆಮಿನಿಸ್ಟ್ ಥೆರಪಿ, ಅಂದರೆ ಗಂಡು ಹೆಣ್ಣಿನ ಭೇದ, ಯಾರ ಕೈ ಮೇಲಿದೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳುವ ಮನಸ್ಸಿನ ಚಿಕಿತ್ಸೆ, ಅದರಲ್ಲೂ ಟ್ರಾಮಾ, ಅಂದರೆ ಮನಸ್ಸಿಗೆ ಬಿದ್ದ ದೊಡ್ಡ ಪೆಟ್ಟುಗಳ ಕೆಲಸ ಜಾಸ್ತಿ ಅಂತ. ಜೊತೆಗೆ ಲಾರಾ ಬ್ರೌನ್ ಅನ್ನುವ ಮನಃಶಾಸ್ತ್ರಜ್ಞೆಯ ಹೆಸರು ಹಾಕಿದ್ದೆ. ಅಷ್ಟಕ್ಕೇ ಪತ್ರಗಳ ರಾಶಿ ಬಂದಿದೆ. ಕೆಲವರಿಗೆ ಈ ಕೆಲಸಕ್ಕೆ ಬರುವ ಆಸೆ, ಕೆಲವರಿಗೆ ಅನುಮಾನ, ಒಬ್ಬರಿಗಂತೂ ಸಿಟ್ಟೇ ಬಂದಿದೆ. ಹಾಗಾಗಿ ಈ ಸಲ ನಿದ್ದೆ, ಪರೀಕ್ಷೆಯ ಭಯ ಎಲ್ಲ ಪಕ್ಕಕ್ಕಿರಲಿ, ಆ ಪತ್ರಗಳ ಪ್ರಶ್ನೆಗಳನ್ನೇ ಒಂದೊಂದಾಗಿ ಹಾಕಿ ಉತ್ತರ ಕೊಡುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕೆಳಗೆ ಬರುವ ಕ್ಲೈಂಟ್‌ಗಳ ಪ್ರಸಂಗಗಳು ಯಾರೋ ಒಬ್ಬರವಲ್ಲ, ಹಲವರದ್ದನ್ನು ಬೆರೆಸಿ ಗುರುತು ಸಿಗದ ಹಾಗೆ ಮಾಡಿದ್ದು.

ಮನಃಶಾಸ್ತ್ರ ಎಂಎ ಕೊನೆಯ ವರ್ಷದಲ್ಲಿದ್ದೇನೆ. ಫೆಮಿನಿಸ್ಟ್ ಥೆರಪಿಯಲ್ಲಿ ಮುಂದುವರಿಯಬೇಕು ಅಂದಿದ್ದಕ್ಕೆ ನಮ್ಮ ಮೇಷ್ಟ್ರು ನಕ್ಕರು. ‘ಅದು ರಾಜಕೀಯ ಕಣಮ್ಮ, ಮನಃಶಾಸ್ತ್ರ ಅಲ್ಲ’ ಅಂದರು. ನಿಜವಾ ಮೇಡಂ?

ನಿಮ್ಮ ಮೇಷ್ಟ್ರು ಹೇಳಿದ್ದು ಅರ್ಧ ನಿಜ. ರಾಜಕೀಯ ಇದೆ, ಇಲ್ಲ ಅಂತ ನಾನ್ಯಾಕೆ ಸುಳ್ಳು ಹೇಳಲಿ. ಆದರೆ ಅದಕ್ಕೂ ಮುಂಚೆ ಇದ್ದ ಮನಃಶಾಸ್ತ್ರದಲ್ಲಿ ರಾಜಕೀಯ ಇರಲಿಲ್ಲವಾ ಅಂತ ಅವರನ್ನೇ ಒಮ್ಮೆ ಕೇಳಿ ನೋಡಿ.

1970ರಲ್ಲಿ ಅಮೆರಿಕದಲ್ಲಿ ಇಂಗೆ ಬ್ರೋವರ್‌ಮನ್ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಮನೋವೈದ್ಯರು, ಮನಃಶಾಸ್ತ್ರಜ್ಞರು, ಸೋಷಿಯಲ್ ವರ್ಕರ್‌ಗಳು ಸೇರಿ 79 ಜನ. ಎಲ್ಲರೂ ಇದೇ ವೃತ್ತಿಯವರು, ಅದರಲ್ಲಿ ಗಂಡಸರೂ ಇದ್ದರು, ಹೆಂಗಸರೂ ಇದ್ದರು. ಅವರ ಕೈಗೆ ಗುಣಗಳ ಒಂದು ಪಟ್ಟಿ ಕೊಟ್ಟು, ಕೆಲವರಿಗೆ ‘ಮಾನಸಿಕವಾಗಿ ಆರೋಗ್ಯವಾಗಿರುವ ಗಂಡಸು ಹೇಗಿರುತ್ತಾನೆ ಗುರುತು ಹಾಕಿ’ ಅಂದರು, ಕೆಲವರಿಗೆ ‘ಹೆಂಗಸು ಹೇಗಿರುತ್ತಾಳೆ’ ಅಂದರು, ಇನ್ನು ಕೆಲವರಿಗೆ ಗಂಡು ಹೆಣ್ಣು ಏನೂ ಹೇಳದೆ ಬರೀ ‘ವಯಸ್ಕ ವ್ಯಕ್ತಿ’ ಅಂದರು. ಗಂಡಸಿನ ಚಿತ್ರವೂ ವಯಸ್ಕ ವ್ಯಕ್ತಿಯ ಚಿತ್ರವೂ ಹೆಚ್ಚುಕಮ್ಮಿ ಒಂದೇ ಬಂತು. ಹೆಂಗಸಿನದು ಬೇರೆ ಬಂತು. ಹೇಳಿದ್ದನ್ನು ಬೇಗ ಕೇಳುವವಳು, ಸ್ವತಂತ್ರ ಬುದ್ಧಿ ಕಮ್ಮಿ, ಸಣ್ಣದಕ್ಕೂ ನೊಂದುಕೊಳ್ಳುವವಳು. ಇದು ‘ಆರೋಗ್ಯವಂತ’ ಹೆಂಗಸಿನ ಚಿತ್ರ, ನೆನಪಿರಲಿ! ಅಂದರೆ ಹೆಂಗಸಾಗಿ ಸರಿಯಿದ್ದರೆ ಮನುಷ್ಯಳಾಗಿ ಸ್ವಲ್ಪ ಕಮ್ಮಿ, ಮನುಷ್ಯಳಾಗಿ ಸರಿಯಿದ್ದರೆ ಹೆಂಗಸಾಗಿ ಏನೋ ಕೊರತೆ. ಎತ್ತ ಹೋದರೂ ಚಿಕಿತ್ಸೆ ತಪ್ಪಿದ್ದಲ್ಲ.

ಟ್ರಾಮಾ ವಿಷಯಕ್ಕೆ ಬನ್ನಿ. ಪಿಟಿಎಸ್‌ಡಿ, ಅಂದರೆ ದೊಡ್ಡ ಪೆಟ್ಟು ಬಿದ್ದ ಮೇಲೂ ಅದರ ನೆನಪು, ಭಯ ಬಿಡದೆ ಕಾಡುವ ಕಾಯಿಲೆ, ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಾದ ಡಿಎಸ್ಎಂ ಒಳಗೆ ಬಂದಿದ್ದು 1980ರಲ್ಲಿ. ವಿಯೆಟ್ನಾಂ ಯುದ್ಧದಿಂದ ವಾಪಸಾದ ಸೈನಿಕರ ಒತ್ತಾಯ ಅದರ ಹಿಂದೆ ದೊಡ್ಡದಿತ್ತು. ಅದಕ್ಕೂ ಮುಂಚೆ, 1974ರಲ್ಲೇ, ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಅತ್ಯಾಚಾರಕ್ಕೆ ಒಳಗಾದ ಹೆಂಗಸರನ್ನು ಆಸ್ಪತ್ರೆಯಲ್ಲೇ ಕಂಡು ಮಾತಾಡಿಸಿ, ಅವರಲ್ಲೂ ಕೆಟ್ಟ ಕನಸು, ಬೆಚ್ಚಿಬೀಳುವುದು, ಜಾಗಗಳ ಭಯ ಇದೆ ಅಂತ ಬರೆದಿಟ್ಟಿದ್ದರು. ಆದರೂ ಆ ಕೈಪಿಡಿಯ 1987ರ ಪರಿಷ್ಕೃತ ಆವೃತ್ತಿಯಲ್ಲಿ ಒಂದು ಷರತ್ತು ಕೂತಿತ್ತು: ಪಿಟಿಎಸ್‌ಡಿ ಅನ್ನಬೇಕಾದರೆ ಅದಕ್ಕೆ ಕಾರಣವಾದ ಘಟನೆ ಮನುಷ್ಯರ ಮಾಮೂಲಿ ಅನುಭವದ ಆಚೆಯದ್ದಾಗಿರಬೇಕು. ಲಾರಾ ಬ್ರೌನ್ 1991ರಲ್ಲಿ ಒಂದು ಲೇಖನ ಬರೆದು ಕೇಳಿದ್ದು ಇಷ್ಟೇ, ಯಾವ ಮನುಷ್ಯರ ಮಾಮೂಲಿ? ಮನೆಯಲ್ಲೇ ಹೊಡೆತ ತಿನ್ನುವವಳಿಗೆ, ಚಿಕ್ಕಂದಿನಲ್ಲಿ ಮನೆಯವರಿಂದಲೇ ಕಿರುಕುಳ ಕಂಡವಳಿಗೆ ಅದು ಮಾಮೂಲಿಯೇ ಆಗಿಹೋಗಿತ್ತಲ್ಲ. ಮಾಮೂಲಿ ಆದ ಮಾತ್ರಕ್ಕೆ ಅದು ಪೆಟ್ಟಲ್ಲವಾ? ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಮೂವರು ಹೆಂಗಸರಲ್ಲಿ ಹತ್ತಿರತ್ತಿರ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಸಂಗಾತಿಯಿಂದ ಏಟು ಅಥವಾ ಯಾರಿಂದಲಾದರೂ ಲೈಂಗಿಕ ಹಿಂಸೆ ಕಂಡಿರುತ್ತಾರೆ. ಇದನ್ನು ಅಪರೂಪ ಅನ್ನೋಕಾಗುತ್ತಾ? 1994ರ ಆವೃತ್ತಿಯಲ್ಲಿ ಆ ಷರತ್ತನ್ನು ತೆಗೆದರು.

ಮೇಷ್ಟ್ರು ಅಂದ ರಾಜಕೀಯ ಇದೇ. ಅದರಿಂದ ರೋಗನಿರ್ಣಯದ ಒಂದು ತಪ್ಪು ಸರಿಹೋಯಿತು.

ಮುಂದೆ ಏನು ಓದಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲು ಒಳ್ಳೆ ಸಾಮಾನ್ಯ ಕ್ಲಿನಿಕಲ್ ತರಬೇತಿ ತಗೊಳ್ಳಿ. ನಿಮ್ಮಲ್ಲಿ ಲೈಸೆನ್ಸಿಗೆ ಏನು ಬೇಕೋ ಅದನ್ನು ಪೂರ್ತಿ ಮಾಡಿ. ಆತ್ಮಹತ್ಯೆಯ ಅಪಾಯವನ್ನು ಅಳೆಯೋಕೆ ಬಾರದವರು, ಸೈಕೋಸಿಸ್, ಅಂದರೆ ವಾಸ್ತವದ ಹಿಡಿತವೇ ತಪ್ಪುವ ಸ್ಥಿತಿಯನ್ನು ಗುರುತಿಸೋಕೆ ಬಾರದವರು ಟ್ರಾಮಾ ಕೆಲಸಕ್ಕೆ ಕೈ ಹಾಕಬಾರದು, ಎಷ್ಟೇ ಒಳ್ಳೆ ಮನಸ್ಸಿರಲಿ. ಆಮೇಲೆ ಟ್ರಾಮಾಕ್ಕೆ ಪರೀಕ್ಷೆಗಳಲ್ಲಿ ಗೆದ್ದು ನಿಂತ ವಿಧಾನಗಳಲ್ಲಿ ಒಂದನ್ನಾದರೂ ಸರಿಯಾಗಿ ಕಲಿಯಿರಿ. ಘಟನೆಯ ಬಗ್ಗೆ ಮನಸ್ಸಿನಲ್ಲಿ ಕೂತ ಯೋಚನೆಗಳನ್ನು ಪರೀಕ್ಷಿಸುವ, ಪೆಟ್ರೀಷಿಯಾ ರೆಸಿಕ್ ರೂಪಿಸಿದ ಸಿಪಿಟಿ ಇದೆ, ತಪ್ಪಿಸಿಕೊಳ್ಳುತ್ತಿದ್ದ ನೆನಪನ್ನು ಮೆಲ್ಲಮೆಲ್ಲಗೆ ಎದುರಿಸುವ, ಎಡ್ನಾ ಫೋಆ ಅವರ ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಇದೆ, ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಇದೆ. ಫೆಮಿನಿಸ್ಟ್ ಥೆರಪಿಗೆ ಅಂತ ಬೇರೆ ಔಷಧದ ಪೆಟ್ಟಿಗೆ ಇಲ್ಲ. ಇದೇ ಪೆಟ್ಟಿಗೆಯನ್ನು ಯಾರು, ಯಾರ ಮೇಲೆ, ಯಾರನ್ನು ಕೇಳಿ ತೆರೆಯುತ್ತಿದ್ದಾರೆ ಅನ್ನುವ ಪ್ರಶ್ನೆಯನ್ನು ಅದು ಬಿಡುವುದಿಲ್ಲ, ಅಷ್ಟೇ.

ಇದು ಹೆಂಗಸರಿಗೆ ಮಾತ್ರವಾ? ಗಂಡಸು ಬಂದರೆ ವಾಪಸ್ ಕಳಿಸ್ತೀರಾ?

ಇಲ್ಲಪ್ಪ. ಹುಡುಗನಾಗಿದ್ದಾಗ ದೌರ್ಜನ್ಯಕ್ಕೆ ಒಳಗಾಗಿ, ‘ಗಂಡು ಮಗ ಅಳಬಾರದು’ ಅಂತ ಕೇಳಿಕೊಂಡೇ ಬೆಳೆದು, ನಲವತ್ತು ದಾಟಿದ ಮೇಲೆ ಮೊದಲ ಸಲ ಬಾಯಿಬಿಟ್ಟವರು ನನ್ನ ಎದುರು ಕೂತಿದ್ದಾರೆ. ಗಂಡಸು ಹೀಗೇ ಇರಬೇಕು ಅನ್ನುವ ರೂಲ್ ಅವರನ್ನೂ ಸುಟ್ಟಿರುತ್ತದೆ. ಈ ಕೆಲಸ ಮಾಡುವ ಗಂಡಸರೂ ಇದ್ದಾರೆ. ಬನ್ನಿ.

ರೂಮಿನೊಳಗೆ ನಿಜವಾಗಿ ಏನು ನಡೆಯುತ್ತೆ? ಸಿನಿಮಾದಲ್ಲಿ ತೋರಿಸುವ ಹಾಗೆ ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ಹಳೆಯದೆಲ್ಲ ಹೇಳಿಸ್ತೀರಾ?

ಮಂಚ ಇಲ್ಲ. ಎರಡು ಕುರ್ಚಿ, ಒಂದು ಗಡಿಯಾರ, ಒಂದು ಟಿಶ್ಯೂ ಡಬ್ಬಿ, ನೀರು. ಅದರಲ್ಲಿ ಆ ಕುರ್ಚಿಗಳ ಬಗ್ಗೆ ಹೇಳಬೇಕು, ಯಾಕಂದರೆ ನಾನು ಈ ಕೆಲಸವನ್ನು ನಿಜವಾಗಿ ಕಲಿತದ್ದು ಅಲ್ಲಿಂದ.

ಶುರುವಿನ ದಿನಗಳು. ನನ್ನ ಕುರ್ಚಿ ಬಾಗಿಲ ಹತ್ತಿರ ಇತ್ತು. ಅಲ್ಲಿ ಕೂತರೆ ಗಡಿಯಾರ ಕಾಣುತ್ತಿತ್ತು, ಬೇರೆ ಕಾರಣ ಏನಿಲ್ಲ. ಕ್ಲೈಂಟ್ ಕೂರುತ್ತಿದ್ದದ್ದು ಒಳಗಡೆ, ಕಿಟಕಿಯ ಮೂಲೆಯಲ್ಲಿ. ಒಬ್ಬರು ಬರುತ್ತಿದ್ದರು. ಬ್ಯಾಗನ್ನು ತೊಡೆಯ ಮೇಲಿಂದ ಕೆಳಗೆ ಇಡುತ್ತಿರಲಿಲ್ಲ, ಅದರ ಪಟ್ಟಿಯನ್ನು ಬೆರಳಿಗೆ ಎರಡು ಸುತ್ತು ಸುತ್ತಿಕೊಂಡು ಕೂರುತ್ತಿದ್ದರು. ಮಾತಾಡುವಾಗ ಕಣ್ಣು ನನ್ನ ಮುಖದ ಮೇಲೆ ನಿಲ್ಲುತ್ತಿರಲಿಲ್ಲ, ನನ್ನ ಭುಜದ ಆಚೆ ಎಲ್ಲೋ ಹೋಗುತ್ತಿತ್ತು. ನಾನು ದೊಡ್ಡ ಜಾಣೆಯ ಹಾಗೆ ನೋಟ್ಸಿನಲ್ಲಿ ಬರೆದುಕೊಂಡೆ: ಆತಂಕ ಜಾಸ್ತಿ, ಕಣ್ಣು ಕೊಟ್ಟು ಮಾತಾಡುವುದಿಲ್ಲ, ನಂಬಿಕೆ ಬೆಳೆಯುತ್ತಿಲ್ಲ. ಮೂರನೇ ಸಲ ಬಂದಾಗ ಅವರು ತೀರಾ ಮೆಲ್ಲಗೆ ಕೇಳಿದರು, ‘ಮೇಡಂ, ತಪ್ಪು ತಿಳ್ಕೋಬೇಡಿ, ನಾನು ಆ ಕಡೆ ಕೂತ್ಕೊಳ್ಳಲಾ?’ ಜಾಗ ಬದಲಾಯಿಸಿದೆವು. ಅವರು ಬಾಗಿಲನ್ನೊಮ್ಮೆ ನೋಡಿದರು, ಬ್ಯಾಗನ್ನು ನೆಲದ ಮೇಲೆ ಇಟ್ಟರು, ಬೆರಳಿನ ಪಟ್ಟಿ ಬಿಚ್ಚಿದರು. ಆಮೇಲೆ ನನ್ನ ಮುಖ ನೋಡಿ ಮಾತಾಡಿದರು.

ವರ್ಷಗಟ್ಟಲೆ ಒಂದು ಕೋಣೆಯಲ್ಲಿ ಬಾಗಿಲಿಗೆ ಅಡ್ಡ ನಿಂತವನಿಂದ ಏಟು ತಿಂದವರ ಎದುರಿಗೆ ನಾನೂ ಬಾಗಿಲಿಗೆ ಅಡ್ಡವಾಗಿ ಕೂತು, ಅವರಿಗೆ ಆತಂಕ ಅಂತ ಬರೆದುಕೊಂಡಿದ್ದೆ. ಅವರಲ್ಲಿ ರೋಗಲಕ್ಷಣ ಅಂತ ನಾನು ಕಂಡದ್ದರಲ್ಲಿ ಅರ್ಧ ನನ್ನ ಪೀಠೋಪಕರಣದ ತಪ್ಪು! ಆ ನೋಟ್ಸಿನ ಪುಟದ ಕೆಳಗೆ ಇದನ್ನೂ ಬರೆದಿಟ್ಟೆ. ಈಗ ಯಾರೇ ಬಂದರೂ ಮೊದಲು ಕೇಳುವುದು, ‘ಎಲ್ಲಿ ಕೂರ್ತೀರಿ?’

ರೂಮಿನೊಳಗೆ ಥೆರಪಿಸ್ಟಿನ ಕೈ ಯಾವಾಗಲೂ ಮೇಲೆಯೇ ಇರುತ್ತದೆ. ಅವರ ಬದುಕಿನ ಗುಟ್ಟೆಲ್ಲ ನನಗೆ ಗೊತ್ತು, ನನ್ನದು ಅವರಿಗೆ ಗೊತ್ತಿಲ್ಲ. ಗಡಿಯಾರ ನನ್ನದು, ಫೀಸು ನಾನು ಹೇಳಿದ್ದು, ಫೈಲಿನಲ್ಲಿ ಅವರ ಬಗ್ಗೆ ಬರೆಯುವವಳು ನಾನು, ಕಾಯಿಲೆಗೆ ಹೆಸರಿಡುವವಳೂ ನಾನೇ. ಇದನ್ನು ಪೂರ್ತಿ ಅಳಿಸೋಕೆ ಆಗಲ್ಲ. ಅಳಿಸಿದ ಹಾಗೆ ನಾಟಕ ಮಾಡುವವರು ಇನ್ನೂ ಅಪಾಯ. ಬಿಚ್ಚಿ ಮುಂದೆ ಇಡಬಹುದು. ಏನು ಗುಟ್ಟಾಗಿರುತ್ತದೆ, ಏನನ್ನು ಕಾನೂನಿನ ಪ್ರಕಾರ ಹೊರಗೆ ಹೇಳಲೇಬೇಕಾಗುತ್ತದೆ ಅಂತ ಮೊದಲ ದಿನವೇ ಹೇಳುತ್ತೇನೆ, ಯಾಕಂದರೆ ಎಲ್ಲ ಹೇಳಿಸಿಕೊಂಡು ಆಮೇಲೆ ‘ಇದನ್ನು ರಿಪೋರ್ಟ್ ಮಾಡಬೇಕು’ ಅಂದರೆ ಅದು ಅವರಿಗೆ ಇನ್ನೊಂದು ಮೋಸ. ನೋಟ್ಸ್ ಕೇಳಿದರೆ ತೋರಿಸುತ್ತೇನೆ. ರೋಗದ ಹೆಸರು ಬರೆಯುವ ಮುಂಚೆ ಜೊತೆಗೆ ಕೂತು ಮಾತಾಡುತ್ತೇವೆ, ಕೆಲವರಿಗೆ ಆ ಹೆಸರು ಸಮಾಧಾನ ಕೊಡುತ್ತದೆ, ಕೆಲವರಿಗೆ ಹಣೆಪಟ್ಟಿ ಅನ್ನಿಸುತ್ತದೆ.

ಇನ್ನು ಹಳೆಯದೆಲ್ಲ ಹೇಳಿಸುವ ವಿಷಯ. ಅವಸರವೇ ಇಲ್ಲ. ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಚೇತರಿಕೆಯ ಮೂರು ಹಂತ ಹೇಳಿದರು. ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ದುಃಖ, ಆಮೇಲೆ ಮತ್ತೆ ಜನರ ಜೊತೆ ಸೇರುವುದು. ನಾವೆಲ್ಲ ಇವತ್ತಿಗೂ ಜಾಸ್ತಿ ಕಡೆ ಇದನ್ನೇ ಹಿಡಿದು ನಡೆಯುತ್ತೇವೆ. ಮೊದಲ ಹಂತ ತುಂಬಾ ಸಪ್ಪೆಯಾಗಿ ಕಾಣುತ್ತದೆ: ರಾತ್ರಿ ಎಷ್ಟು ಗಂಟೆ ನಿದ್ದೆ ಬರುತ್ತೆ, ಊಟ ಸೇರುತ್ತಾ, ಹೊಡೆಯುವವನು ಈಗಲೂ ಅದೇ ಮನೆಯಲ್ಲಿದ್ದಾನಾ, ಸಾಯಬೇಕು ಅನ್ನಿಸುತ್ತಾ, ಫೋನ್ ಮಾಡೋಕೆ ಒಬ್ಬರಾದರೂ ಇದ್ದಾರಾ. ಘಟನೆ ಆದ ತಕ್ಷಣ ಒಂದೇ ಸಲ ಕೂರಿಸಿ ಎಲ್ಲವನ್ನೂ ಕಕ್ಕಿಸುವ ಪದ್ಧತಿ ಒಂದು ಕಾಲಕ್ಕೆ ಜೋರಾಗಿತ್ತು. ಅದರಿಂದ ಪಿಟಿಎಸ್‌ಡಿ ತಡೆಯೋಕೆ ಆಗಲ್ಲ, ಕೆಲವರಿಗೆ ಕೆಟ್ಟದ್ದೇ ಆಗಬಹುದು ಅಂತ ಗೊತ್ತಾಗಿ ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಬೇಡ ಅನ್ನುತ್ತದೆ.

ಮಾತಿನ ಮಧ್ಯೆ ಕೆಲವರು ಎಲ್ಲಿಗೋ ಹೋಗಿಬಿಡುತ್ತಾರೆ. ಕಣ್ಣು ತೆರೆದೇ ಇರುತ್ತದೆ, ಆದರೆ ಒಳಗೆ ಯಾರೂ ಇಲ್ಲ ಅನ್ನೋ ಹಾಗೆ. ಆಗ ಕಥೆ ಅಲ್ಲಿಗೆ ನಿಲ್ಲಬೇಕು. ಎರಡೂ ಪಾದ ನೆಲಕ್ಕೆ ಒತ್ತಿ, ತಣ್ಣನೆ ಲೋಟ ಕೈಯಲ್ಲಿ ಹಿಡಿದುಕೊಳ್ಳಿ, ಈ ರೂಮಿನಲ್ಲಿ ಕಾಣುವ ಐದು ವಸ್ತು ಹೆಸರಿಸಿ ಅನ್ನುತ್ತೇನೆ. ‘ಗಡಿಯಾರ... ಪರದೆ... ನಿಮ್ಮ ಚಪ್ಪಲಿ’ ಅಂತ ಅಂದು ಅವರು ಒಮ್ಮೆ ನಕ್ಕುಬಿಟ್ಟರೆ, ವಾಪಸ್ ಬಂದರು ಅಂತ ಲೆಕ್ಕ.

ನಿಮ್ಮಂಥವರಿಂದಲೇ ಸಂಸಾರಗಳು ಒಡೆಯುತ್ತಿವೆ. ಹೋದವರಿಗೆಲ್ಲ ಗಂಡನನ್ನು ಬಿಡು ಅಂತ ಹೇಳಿಕೊಡ್ತೀರಂತೆ. ಉತ್ತರ ಕೊಡುವ ಧೈರ್ಯ ಇದೆಯಾ?

ಇದೆ ಸರ್, ಅಚ್ಚು ಹಾಕುವ ಧೈರ್ಯವೂ ಇದೆ.

ಬಿಡು ಅಂತ ನಾನು ಹೇಳುವುದಿಲ್ಲ. ಸೇರಿಕೊಂಡಿರು ಅಂತಲೂ ಹೇಳುವುದಿಲ್ಲ. ಅವಳ ಬದುಕಿನಲ್ಲಿ ಆಗಲೇ ಒಬ್ಬರು ಎಲ್ಲ ತೀರ್ಮಾನ ಮಾಡುತ್ತಿದ್ದಾರೆ, ಆ ಜಾಗಕ್ಕೆ ನಾನು ಹೋಗಿ ಕೂತರೆ ಅವಳಿಗೆ ಯಜಮಾನರು ಬದಲಾದರು ಅಷ್ಟೇ. ಇನ್ನೊಂದು ಕಾರಣ ಇದಕ್ಕಿಂತ ಗಟ್ಟಿ. ಹಿಂಸೆಯಿರುವ ಸಂಬಂಧದಲ್ಲಿ ಜೀವಕ್ಕೆ ಅತಿ ಹೆಚ್ಚು ಅಪಾಯ ಇರುವುದು ಬಿಟ್ಟು ಹೊರಡುವ ಹೊತ್ತಿನಲ್ಲಿ ಮತ್ತು ಹೊರಟ ಸ್ವಲ್ಪ ದಿನಗಳಲ್ಲಿ. ‘ಯಾಕೆ ಇನ್ನೂ ಅಲ್ಲೇ ಇದ್ದಾಳೆ?’ ಅಂತ ಕೇಳುವವರಿಗೆ ಇದು ಗೊತ್ತಿರುವುದಿಲ್ಲ, ಅವಳಿಗೆ ಮೈಯಲ್ಲೇ ಗೊತ್ತಿರುತ್ತದೆ. ಆದ್ದರಿಂದ ನಾವು ಮಾಡುವುದು ಲೆಕ್ಕಾಚಾರದ ಕೆಲಸ. ದಾಖಲೆಗಳು ಎಲ್ಲಿವೆ, ಕೈಯಲ್ಲಿ ದುಡ್ಡೆಷ್ಟಿದೆ, ಯಾವ ಬಾಗಿಲಿನಿಂದ ಹೊರಗೆ ಬರಬಹುದು, ಮಕ್ಕಳಿಗೆ ಏನು ಹೇಳುವುದು, ಫೋನನ್ನು ಅವನು ನೋಡುತ್ತಾನಾ. ಉಳಿಯುತ್ತೇನೆ ಅಂದವರಿಗೂ ಇದೇ ಲೆಕ್ಕ.

ಒಂದನ್ನು ಮಾತ್ರ ಖಡಾಖಂಡಿತ ಮಾಡುವುದಿಲ್ಲ. ಹೊಡೆತ, ಹೆದರಿಕೆ ನಡೆಯುತ್ತಿರುವಾಗ ಇಬ್ಬರನ್ನೂ ಒಟ್ಟಿಗೆ ಕೂರಿಸಿ ‘ಈಗ ಮನಸ್ಸು ಬಿಚ್ಚಿ ಮಾತಾಡಿ’ ಅನ್ನುವುದಿಲ್ಲ. ನನ್ನ ರೂಮಿನಲ್ಲಿ ಬಿಚ್ಚಿದ ಮಾತಿಗೆ ಮನೆಗೆ ಹೋದ ಮೇಲೆ ಬೆಲೆ ತೆರುವವಳು ಅವಳು. ಅಂದಹಾಗೆ ಸಂಸಾರ ಒಡೆದದ್ದು ಏಟು ಬಿದ್ದ ದಿನ, ಅವಳು ಅದನ್ನು ನನಗೆ ಹೇಳಿದ ದಿನ ಅಲ್ಲ.

ನಾನೇ ಚಿಕ್ಕಂದಿನಲ್ಲಿ ದೌರ್ಜನ್ಯಕ್ಕೆ ಒಳಗಾದವಳು. ನನ್ನಂಥವಳು ಟ್ರಾಮಾ ಥೆರಪಿಸ್ಟ್ ಆಗಬಹುದಾ? (ಹೆಸರು ಬೇಡ)

ಆಗಬಹುದು. ನೀವು ಊಹಿಸಿರುವುದಕ್ಕಿಂತ ಜಾಸ್ತಿ ಜನ ಹಾಗೆ ಬಂದವರೇ ಈ ವೃತ್ತಿಯಲ್ಲಿದ್ದಾರೆ. ಆದರೆ ನಿಮ್ಮ ಗಾಯಕ್ಕೆ ಬೇರೆ ಜಾಗದಲ್ಲಿ, ಬೇರೆಯವರ ಹತ್ತಿರ ಮೊದಲು ಸಮಯ ಕೊಡಿ. ಪರೀಕ್ಷೆ ಸುಲಭ ಇದೆ. ಕ್ಲೈಂಟ್ ನಿಮ್ಮದೇ ಕಥೆಯಂಥ ಕಥೆ ಹೇಳಿ, ನೀವು ತಗೊಂಡ ತೀರ್ಮಾನಕ್ಕೆ ಪೂರ್ತಿ ಉಲ್ಟಾ ತಗೊಂಡರು ಅಂದುಕೊಳ್ಳಿ. ನೀವು ದೂರು ಕೊಟ್ಟಿರಿ, ಅವರು ಕೊಡಲ್ಲ ಅಂದರು. ನೀವು ಆ ಮನುಷ್ಯನನ್ನು ಇವತ್ತಿಗೂ ಕ್ಷಮಿಸಿಲ್ಲ, ಅವರು ಅವನ ಆರೋಗ್ಯ ವಿಚಾರಿಸೋಕೆ ಹೋಗಿ ಬಂದರು. ಆಗ ನಿಮಗೆ ಸಿಟ್ಟು ಬಂದರೆ ತೊಂದರೆಯಿಲ್ಲ, ಬರುತ್ತೆ. ಆ ಸಿಟ್ಟು ನಿಮ್ಮದು, ಅವರದಲ್ಲ ಅಂತ ಅಲ್ಲೇ ಗೊತ್ತಾದರೆ ನೀವು ಕೂರಬಹುದು. ಅವರನ್ನು ತಿದ್ದೋಕೆ ಶುರು ಮಾಡಿದರೆ ಇನ್ನೂ ಸ್ವಲ್ಪ ದಿನ ಕಾಯಿರಿ. ನಿಮ್ಮ ಕಥೆಯನ್ನು ಕ್ಲೈಂಟಿಗೆ ಹೇಳಬೇಕಾ ಬೇಡವಾ ಅನ್ನುವುದನ್ನು ಪ್ರತಿ ಸಲವೂ ಸೂಪರ್‌ವೈಸರ್, ಅಂದರೆ ನಿಮ್ಮ ಕೆಲಸಕ್ಕೆ ದಾರಿ ತೋರಿಸುವ ಹಿರಿಯ ಥೆರಪಿಸ್ಟ್ ಜೊತೆ ಚರ್ಚಿಸಿ. ಹೇಳಿದ್ದು ಯಾರಿಗೆ ಉಪಯೋಗ ಅನ್ನುವುದೊಂದೇ ಅಳತೆ.

ಮಗಳು ಈ ಕೋರ್ಸಿಗೆ ಸೇರುತ್ತೇನೆ ಅನ್ನುತ್ತಿದ್ದಾಳೆ. ದಿನವಿಡೀ ಅಂಥ ಕಥೆಗಳನ್ನೇ ಕೇಳಿ ಅವಳ ತಲೆ ಕೆಡಲ್ವಾ? ಅಪ್ಪನಾಗಿ ಭಯ ಆಗುತ್ತದೆ.

ಭಯ ಸುಮ್ನೆ ಬಂದದ್ದಲ್ಲ ಸರ್. 1990ರಲ್ಲಿ ಲೀಸಾ ಮೆಕ್ಯಾನ್ ಮತ್ತು ಲಾರೀ ಆ್ಯನ್ ಪರ್ಲ್‌ಮನ್ ಇದಕ್ಕೆ ಹೆಸರನ್ನೇ ಕೊಟ್ಟರು, ವೈಕೇರಿಯಸ್ ಟ್ರಾಮಟೈಸೇಷನ್ ಅಂತ. ಕೇಳಿಸಿಕೊಂಡವರಿಗೂ ಪೆಟ್ಟು ಬೀಳುತ್ತದೆ ಅಂತ ಅರ್ಥ. ಅಳು ಬರುವುದು, ಸುಸ್ತಾಗುವುದು ಅದರ ಒಂದು ಭಾಗ ಅಷ್ಟೇ. ಜಗತ್ತನ್ನು ನೋಡುವ ಕಣ್ಣೇ ಬದಲಾಗುತ್ತದೆ. ನನಗೆ ಒಂದು ವರ್ಷ ಹೀಗಿತ್ತು: ಪಾರ್ಕಿನಲ್ಲಿ ಮಗುವಿನ ಕೈ ಹಿಡಿದು ನಡೆಯುವ ಯಾವ ಗಂಡಸನ್ನು ಕಂಡರೂ, ಇವನು ಅಪ್ಪನೇನಾ, ಮಗು ಯಾಕೆ ಹಾಗೆ ನಡೀತಿದೆ ಅಂತ ಮನಸ್ಸು ತನಿಖೆ ಶುರು ಮಾಡುತ್ತಿತ್ತು. ಪಾಪ, ಅವರು ಜಾರುಬಂಡೆ ಕಡೆ ಹೊರಟಿದ್ದಿರಬಹುದು. ಅವತ್ತು ನನ್ನ ಸೂಪರ್‌ವೈಸರ್‌ಗೆ ಇದನ್ನು ಹೇಳಿಕೊಂಡಾಗ ಅವರು ಕೇಳಿದ್ದು ಒಂದೇ, ‘ವಾರಕ್ಕೆ ಎಷ್ಟು ಜನ?’ ಸಂಖ್ಯೆ ಹೇಳಿದೆ. ‘ಅರ್ಧ ಮಾಡು’ ಅಂದರು. ಧ್ಯಾನ ಮಾಡು, ಸ್ನಾನ ಮಾಡು, ಡೈರಿ ಬರಿ ಅಂತ ಹೇಳಲಿಲ್ಲ.

ಅದು ಸರಿಯಾದ ಸಲಹೆ. ಕೆಲಸದವರ ಮೇಲೆ ಮಿತಿಮೀರಿ ಹೊರೆ ಹಾಕಿ, ಅವರು ಕುಸಿದಾಗ ‘ನಿಮ್ಮ ಕಾಳಜಿ ನೀವು ತಗೊಳ್ಳಲಿಲ್ಲ’ ಅನ್ನುವ ಸಂಸ್ಥೆಗಳು ಎಷ್ಟೋ ಇವೆ. ಏಟು ತಿಂದವಳಿಗೇ ‘ನೀನೇ ಹುಷಾರಾಗಿರಬೇಕಿತ್ತು’ ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಮಗಳು ಕೆಲಸಕ್ಕೆ ಸೇರುವಾಗ ಮೂರು ಪ್ರಶ್ನೆ ಕೇಳಲಿ. ಸೂಪರ್‌ವಿಷನ್ ವಾರವಾರ ಇದೆಯಾ? ಟ್ರಾಮಾ ಬಿಟ್ಟು ಬೇರೆ ಥರದ ಕೇಸುಗಳೂ ಸಿಗುತ್ತವಾ? ರಜೆ ತಗೊಂಡರೆ ಮುಖ ಗಂಟು ಹಾಕುತ್ತಾರಾ? ಮತ್ತೆ ನೀವು ಮನೆಯಲ್ಲಿ ಅವಳ ಕೆಲಸದ ಕಥೆ ಕೇಳಬೇಡಿ, ಅವಳು ಹೇಳುವಂತಿಲ್ಲ. ಸಿನಿಮಾಕ್ಕೆ ಕರೆದುಕೊಂಡು ಹೋಗಿ.

ಲಾರಾ ಬ್ರೌನ್ ಅಂದರೆ ಯಾರು? ಇಂಥ ಕೆಲಸದಲ್ಲಿ ಒಬ್ಬರ ಇಡೀ ವೃತ್ತಿ ಹೇಗೆ ಸಾಗುತ್ತದೆ ಅಂತ ತಿಳಿಯುವ ಕುತೂಹಲ.

ಒಬ್ಬರು ಎಷ್ಟೆಲ್ಲ ಮಾಡಬಹುದು ಅನ್ನೋದಕ್ಕೆ ಒಳ್ಳೆ ಉದಾಹರಣೆ ಅವರು. 1977ರಲ್ಲಿ ಪಿಎಚ್‌ಡಿ ಮುಗಿಸಿ, ಮುಂದೆ ಅಮೆರಿಕದ ಸಿಯಾಟಲ್‌ನಲ್ಲಿ ದಶಕಗಳ ಕಾಲ ಪ್ರಾಕ್ಟೀಸ್ ಮಾಡಿದರು. ಜೊತೆಜೊತೆಗೆ ಪಾಠ, ಬರವಣಿಗೆ, ಕೋರ್ಟಿನಲ್ಲಿ ತಜ್ಞ ಸಾಕ್ಷಿ. ಅಮೆರಿಕನ್ ಮನಃಶಾಸ್ತ್ರ ಸಂಘದಲ್ಲಿ ಮಹಿಳಾ ಮನಃಶಾಸ್ತ್ರದ ವಿಭಾಗಕ್ಕೂ ಟ್ರಾಮಾ ವಿಭಾಗಕ್ಕೂ ಅಧ್ಯಕ್ಷೆಯಾಗಿದ್ದರು. 2006ರಲ್ಲಿ ಫ್ರೀಮಾಂಟ್ ಕಮ್ಯುನಿಟಿ ಥೆರಪಿ ಪ್ರಾಜೆಕ್ಟ್ ಅಂತ ಕಡಿಮೆ ಫೀಸಿನ ಕ್ಲಿನಿಕ್ ಶುರು ಮಾಡಿದರು. ಕಲಿಯುವವರು ಅಲ್ಲಿ ತರಬೇತಿ ಪಡೆಯುತ್ತಿದ್ದರು, ದುಡ್ಡಿಲ್ಲದವರಿಗೆ ಥೆರಪಿ ಸಿಗುತ್ತಿತ್ತು.

ನನಗೆ ಅವರ ವೃತ್ತಿಯಲ್ಲಿ ಜಾಸ್ತಿ ಆಸಕ್ತಿ ಹುಟ್ಟಿಸುವುದು ಒಂದು ಜಗಳ. 1990ರ ದಶಕದಲ್ಲಿ ಮರೆತುಹೋಗಿದ್ದ ಬಾಲ್ಯದ ದೌರ್ಜನ್ಯ ದೊಡ್ಡವರಾದ ಮೇಲೆ ನೆನಪಾಗಬಹುದಾ, ಅಥವಾ ಥೆರಪಿಸ್ಟೇ ತಲೆಯಲ್ಲಿ ತುಂಬುತ್ತಾರಾ ಅಂತ ದೊಡ್ಡ ಗಲಾಟೆ ನಡೆಯಿತು. ಸಂಘ 1993ರಲ್ಲಿ ಆರು ಜನರ ಗುಂಪು ಮಾಡಿತು. ಮೂವರು ಥೆರಪಿಸ್ಟ್‌ಗಳು, ಅವರಲ್ಲಿ ಬ್ರೌನ್ ಒಬ್ಬರು. ಮೂವರು ನೆನಪಿನ ಬಗ್ಗೆ ಸಂಶೋಧನೆ ಮಾಡುವವರು, ಅವರಲ್ಲಿ ಎಲಿಜಬೆತ್ ಲಾಫ್ಟಸ್ ಒಬ್ಬರು. 1996ರಲ್ಲಿ ವರದಿ ಬಂದಾಗಲೂ ಎರಡು ಕಡೆಯವರು ತಮ್ಮ ತಮ್ಮ ವಾದ ಬೇರೆಬೇರೆ ಬರೆದು, ಒಬ್ಬರಿಗೊಬ್ಬರು ಉತ್ತರ ಕೊಟ್ಟುಕೊಂಡಿದ್ದರು! ಒಪ್ಪಿದ್ದು ಕೆಲವೇ ಮಾತು: ದೌರ್ಜನ್ಯಕ್ಕೆ ಒಳಗಾದ ಬಹುತೇಕರಿಗೆ ಅದು ಪೂರ್ತಿಯೋ ಅರ್ಧವೋ ನೆನಪಿರುತ್ತದೆ, ಮರೆತದ್ದು ಮುಂದೆ ನೆನಪಾಗುವುದೂ ಉಂಟು, ನಡೆಯದೇ ಇದ್ದದ್ದು ನಡೆದಿದೆ ಅಂತ ಗಟ್ಟಿಯಾಗಿ ಅನ್ನಿಸುವುದೂ ಉಂಟು. ಈ ಮೂರನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಂಡು ಕೆಲಸ ಮಾಡಬೇಕು. ‘ನಿಮಗೆ ಹೀಗಾಗಿರಬಹುದು’ ಅಂತ ನಾನು ಯಾವತ್ತೂ ಹೇಳಿಕೊಡಬಾರದು. ‘ಹಾಗಾಗಿರೋಕೆ ಸಾಧ್ಯ ಇಲ್ಲ’ ಅಂತ ಬಾಯಿ ಮುಚ್ಚಿಸಲೂ ಬಾರದು. ಹೊಸಬರಿಗೆ ಇದೇ ಕಷ್ಟದ ಪಾಠ, ಹಳಬರಿಗೂ ಕೂಡ.

ಅತ್ಯಾಚಾರದ ಕೇಸುಗಳಲ್ಲಿ ‘ಕಿರುಚಲಿಲ್ಲ ಯಾಕೆ, ಓಡಲಿಲ್ಲ ಯಾಕೆ’ ಅಂತ ಕೇಳುತ್ತಾರೆ. ಮನಃಶಾಸ್ತ್ರಜ್ಞರು ಕೋರ್ಟಿನಲ್ಲಿ ಇದಕ್ಕೆ ಏನು ಹೇಳುತ್ತಾರೆ? (ಕಾನೂನು ವಿದ್ಯಾರ್ಥಿ)

ಮೈ ಕಲ್ಲಾಗುತ್ತದೆ ಅಂತ ಹೇಳುತ್ತೇವೆ. ವಿಪರೀತ ಭಯದಲ್ಲಿ, ತಪ್ಪಿಸಿಕೊಳ್ಳೋಕೆ ದಾರಿಯಿಲ್ಲ ಅನ್ನಿಸಿದಾಗ, ಕೈಕಾಲು ಅಲುಗದೆ, ಗಂಟಲಿಂದ ದನಿ ಹೊರಡದೆ ನಿಂತುಹೋಗುವ ಸ್ಥಿತಿಗೆ ಟಾನಿಕ್ ಇಮ್ಮೊಬಿಲಿಟಿ ಅನ್ನುತ್ತಾರೆ. ಪ್ರಾಣಿಗಳಲ್ಲೂ ಇದೆ. ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರಕ್ಕೆ ಒಳಗಾದವರಿಗೇ ಇರುವ ತುರ್ತು ಕ್ಲಿನಿಕ್‌ಗೆ ಬಂದ 298 ಹೆಂಗಸರ ಮೇಲೆ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಶೇಕಡ 70 ಮಂದಿಯಲ್ಲಿ ಇದು ಗಣನೀಯವಾಗಿತ್ತು, ಶೇಕಡ 48 ಮಂದಿಯಲ್ಲಿ ತೀವ್ರವಾಗಿತ್ತು. ಅಂಥವರಲ್ಲಿ ಆರು ತಿಂಗಳ ನಂತರ ಪಿಟಿಎಸ್‌ಡಿಯೂ ಖಿನ್ನತೆಯೂ ಜಾಸ್ತಿ ಕಂಡಿತು. ಯಾಕೆ ಅಂತ ಊಹಿಸಿ. ‘ನಾನೇ ಸುಮ್ಮನಿದ್ದೆ’ ಅಂತ ಅವರೂ ತಮ್ಮ ಮೇಲೆ ಅದೇ ವಕೀಲರ ಪ್ರಶ್ನೆ ಹಾಕಿಕೊಳ್ಳುತ್ತಿರುತ್ತಾರೆ.

ಒಂದು ಎಚ್ಚರ. ತಜ್ಞ ಸಾಕ್ಷಿ ಆ ರಾತ್ರಿ ಏನು ನಡೆಯಿತು ಅಂತ ಹೇಳುವವರಲ್ಲ, ನಾವು ಅಲ್ಲಿರಲಿಲ್ಲ. ಕಿರುಚದೇ ಇದ್ದದ್ದು ಒಪ್ಪಿಗೆಯ ಗುರುತಲ್ಲ ಅಂತ ಹೇಳಬಹುದು. ಮತ್ತೆ ನಾನೇ ಥೆರಪಿ ಕೊಡುತ್ತಿರುವವರ ಕೇಸಿನಲ್ಲಿ ನಾನೇ ಸ್ವತಂತ್ರ ತಜ್ಞೆ ಅಂತ ಹೋಗಿ ನಿಲ್ಲಬಾರದು, ಆ ಎರಡು ಕೆಲಸ ಬೇರೆ ಬೇರೆ.

ದುಡ್ಡು ಸಿಗುತ್ತಾ?

ಬದುಕೋಕೆ ಸಿಗುತ್ತೆ. ಟ್ರಾಮಾ ಇದ್ದವರಲ್ಲಿ ತುಂಬಾ ಜನರ ಕೈಯಲ್ಲಿ ದುಡ್ಡಿರುವುದಿಲ್ಲ, ಕೆಲವರಿಗೆ ಇದ್ದರೂ ಅದು ಗಂಡನ ಅಕೌಂಟಿನಲ್ಲಿರುತ್ತದೆ. ಹಾಗಾಗಿ ನನ್ನಂಥವರು ಆದಾಯ ನೋಡಿ ಫೀಸು ಹೇಳುತ್ತೇವೆ. ಪೂರ್ತಿ ಕೊಡುವವರು ಇಷ್ಟು ಜನ, ಕಡಿಮೆ ಕೊಡುವವರು ಇಷ್ಟು ಜನ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಆರು ತಿಂಗಳಲ್ಲಿ ನಿಮಗೇ ಬಾಡಿಗೆ ಕಟ್ಟೋಕಾಗದೆ ಕ್ಲೈಂಟ್‌ಗಳ ಮೇಲೆ ಒಳಗೊಳಗೇ ಸಿಟ್ಟು ಬರೋಕೆ ಶುರುವಾಗುತ್ತದೆ. ಶುರುವಿಗೆ ಆಸ್ಪತ್ರೆ, ಕಾಲೇಜು, ಸಂಸ್ಥೆ ಅಂತ ಸಂಬಳದ ಕೆಲಸ ಒಂದಿರಲಿ. ಫೀಸಿನ ಮಾತಾಡೋಕೆ ನಾಚಿಕೆ ಬೇಡ. ಅದೂ ರೂಮಿನೊಳಗಿನ ವಿಷಯವೇ.

ಕೆಲಸ ಮುಗಿಯಿತು, ಇನ್ನು ಬರಬೇಕಾಗಿಲ್ಲ ಅಂತ ಯಾವಾಗ ಗೊತ್ತಾಗುತ್ತದೆ?

ಪ್ರಶ್ನಾವಳಿಗಳಿವೆ, ಅಂಕ ಎಷ್ಟು ಇಳಿಯಿತು ಅಂತ ನೋಡುತ್ತೇವೆ, ನೋಡಬೇಕು ಕೂಡ. ಆದರೆ ಒಬ್ಬರ ವಿಷಯ ಹೇಳುತ್ತೇನೆ. ಎರಡು ವರ್ಷ ಪ್ರತಿ ಮಂಗಳವಾರ ಹತ್ತು ನಿಮಿಷ ಮೊದಲೇ ಬರುತ್ತಿದ್ದರು. ಕಾರಿಡಾರಿನ ಎರಡೂ ಕಡೆ ನೋಡಿ, ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂರುತ್ತಿದ್ದರು. ಒಂದು ಮಂಗಳವಾರ ಬರಲಿಲ್ಲ. ಹದಿನೈದು ನಿಮಿಷ ಆಯಿತು, ಇಪ್ಪತ್ತಾಯಿತು. ಹೀಗಾದರೆ ಫೋನ್ ಮಾಡುತ್ತೇನೆ ಅಂತ ನಮ್ಮಲ್ಲಿ ಮೊದಲೇ ಮಾತಾಗಿತ್ತು, ಮಾಡಿದೆ. ನನ್ನ ಕೈ ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆ ಕಡೆ ಮಕ್ಕಳ ಗಲಾಟೆ, ನೀರಿನ ಸದ್ದು. ‘ಅಯ್ಯೋ, ಇವತ್ತು ಮಂಗಳವಾರ ಅಲ್ವಾ ಮೇಡಂ! ಮರೆತೇಬಿಟ್ಟೆ. ಅಕ್ಕನ ಮಕ್ಕಳಿಗೆ ಈಜು ಕಲಿಸ್ತಾ ಇದ್ದೆ.’

ಹೇಳದೆ ತಪ್ಪಿಸಿದರೆ ಅವತ್ತಿನ ಫೀಸು ಕೊಡಬೇಕು ಅನ್ನೋದು ನನ್ನ ರೂಲು. ಆ ಸಲ ತಗೊಳ್ಳಲಿಲ್ಲ.